ಸೋರುವುದು ಎಲ್ಲಿ ಅಂತಲ್ಲ, ಯಾವಾಗ ಅಂತ ಕೇಳಿ

ಸಂಪಾದಕರಿಗೆ ನಮಸ್ಕಾರ.

ಈ ಮಳೆಗಾಲದಲ್ಲಿ ನಿಮ್ಮ ಪತ್ರಿಕೆಯಿಂದ ನಮ್ಮ ಮನೆಗೆ ದೊಡ್ಡ ಉಪಕಾರ ಆಯಿತು. ಓದಿದ್ದರಿಂದ ಅಲ್ಲ, ನೆಲಕ್ಕೆ ಹಾಸಿದ್ದರಿಂದ. ಬೇಸರ ಮಾಡಿಕೊಳ್ಳಬೇಡಿ, ಪೂರ್ತಿ ಹೇಳುತ್ತೇನೆ.

ಮೊನ್ನೆ ನಿಮ್ಮ ಓದುಗರೊಬ್ಬರು ಬರೆದಿದ್ದರು. ಹಳ್ಳಿ ಮನೆಗೆ ಬಂದ ಡಿಶ್‌ವಾಷರ್ ಎರಡು ವರ್ಷ ಪಾತ್ರೆ ತೊಳೆಯುತ್ತದೆ, ಆಮೇಲೆ ಸೋರಲು ಶುರು ಮಾಡುತ್ತದೆ, ಕೊನೆಗೆ ಮೆಟ್ಟಿಲ ಕೆಳಗೆ ಅಕ್ಕಿ ಡಬ್ಬಿ ಇಡುವ ಮೇಜಾಗುತ್ತದೆ ಅಂತ. ಓದಿ ನಗು ಬಂತು. ಯಾಕೆಂದರೆ ನಮ್ಮ ಮಷಿನ್ ಆ ಮೆಟ್ಟಿಲ ಕೆಳಗೆ ಹೋಗಲು ಎರಡೇ ದಿನ ಬಾಕಿ ಇತ್ತು. ಜಾಗ ಕೂಡ ಗುಡಿಸಿ ಇಟ್ಟಿದ್ದೆ.

ನಮ್ಮದು ಶಿರಸಿಯಿಂದ ಹುಲೇಕಲ್ ಕಡೆ ಹೋಗುವಾಗ ಒಳದಾರಿಯಲ್ಲಿ ಸಿಗುವ ತೋಟದ ಮನೆ. ಇರುವುದು ನಾನು, ನಮ್ಮ ಮನೆಯವರು, 84 ವರ್ಷದ ಅತ್ತೆ. ಮೂರು ಜನಕ್ಕೆ ಮಷಿನ್ ಯಾಕೆ, ಹಿತ್ತಲಲ್ಲಿ ಬಾಳೆ ಎಲೆ ಇಲ್ಲವೇ ಅಂತ ಕೇಳದ ನೆಂಟರಿಲ್ಲ. ಎಲೆಯಲ್ಲಿ ಊಟ ಮಾಡಬಹುದು, ಹುಳಿ ಕುದಿಸಲು ಆಗುತ್ತದೆಯೇ? ತೋಟಕ್ಕೆ ಔಷಧಿ ಹೊಡೆಯುವ ದಿನ ಆಳುಗಳೂ ಸೇರಿ ಹನ್ನೆರಡು ಜನರ ಊಟ, ಎರಡು ಸಲ ಆಸರಿಗೆ, ಅಂದರೆ ಕುಡಿಯಲು ತಿನ್ನಲು. ಲೋಟಗಳೇ ಐವತ್ತಾಗುತ್ತವೆ. ಮಳೆಗಾಲದಲ್ಲಿ ನನ್ನ ಬೆರಳ ಸಂದಿ ಒಡೆದು ಉರಿಯುವುದನ್ನು ನೋಡಿ ಬೆಂಗಳೂರಿನ ಮಗ ಮೂರು ವರ್ಷದ ಹಿಂದೆ ಈ ಮಷಿನ್ ಕಳಿಸಿದ. ಕಬ್ಬಿಣದ ಬಾಣಲೆ, ಹಿತ್ತಾಳೆ ಪಾತ್ರೆ, ಮರದ ಸೌಟು, ಹಲಸಿನ ಮೇಣ ಹತ್ತಿದ ಚಾಕು, ಇವು ಬಿಟ್ಟು ಉಳಿದದ್ದೆಲ್ಲ ಅದಕ್ಕೆ ಹೋಗುತ್ತದೆ. ಒಂದು ಸಲಕ್ಕೆ ಹತ್ತು ಹನ್ನೆರಡು ಲೀಟರ್ ನೀರು ಸಾಕು. ಬಚ್ಚಲಲ್ಲಿ ಕೂತು ತೊಳೆದರೆ ಅಷ್ಟು ನೀರು ಬರೀ ಲೋಟಕ್ಕೇ ಹೋಗುತ್ತಿತ್ತು.

ಪುನರ್ವಸು ಮಳೆ ಹಿಡಿದ ವಾರ ಅಡುಗೆಮನೆ ನೆಲ ಒದ್ದೆಯಾಗತೊಡಗಿತು. ನಮ್ಮ ಕಡೆ ಆ ದಿನಗಳಲ್ಲಿ ನೆಲ ಬೆವರುವುದು ಹೊಸತಲ್ಲ. ಗೋಣಿಚೀಲ ಹಾಕಿ ಸುಮ್ಮನಾದೆವು. ನಾಲ್ಕನೇ ದಿನ ಅತ್ತೆ ಬರಿಗಾಲಲ್ಲಿ ಆ ಕಡೆ ಹೋದವರು ನಿಂತಲ್ಲೇ ನಿಂತರು.

"ಕೂಸೇ, ಈ ನೀರು ಬೆಚ್ಚಗಿದ್ದಲೇ. ನೆಲ ಬೆವತ್ರೆ ಬೆಚ್ಚಗೆ ಇರ್ತನೇ?"

ನಾನು ಕೂತು ಬೆರಳು ಅದ್ದಿ ನೋಡಿದೆ. ಬೆಚ್ಚಗಿತ್ತು. ಉಜ್ಜಿದರೆ ಜಿಡ್ಡು, ಮೂಸಿದರೆ ಹುಳಿಪುಡಿಯ ವಾಸನೆ, ಅದರ ಮೇಲೆ ಸೋಪಿನ ವಾಸನೆ. ಅತ್ತೆಗೆ ಮಷಿನ್ ಬಗ್ಗೆ ಏನೂ ಗೊತ್ತಿಲ್ಲ. ಆದರೆ ಅರ್ಧ ಪತ್ತೇದಾರಿ ಅಲ್ಲೇ ಮುಗಿದಿತ್ತು ಅಂತ ನನಗೆ ಆಮೇಲೆ ಹೊಳೆಯಿತು. ಮಷಿನ್ನಿಗೆ ಬರುವ ನೀರು ತಣ್ಣೀರು, ಗುಡ್ಡದ ಮೇಲಿನ ಅಬ್ಬಿ ನೀರು, ಅಂದರೆ ಒರತೆಯಿಂದ ಪೈಪಿನಲ್ಲಿ ತಾನಾಗಿ ಇಳಿದು ಬರುವುದು. ನಲ್ಲಿಯಿಂದ ಮಷಿನ್ನಿಗೆ ಬರುವ ಪೈಪು ಸೋರಿದರೆ ನೆಲದ ಮೇಲೆ ಶುದ್ಧ ತಣ್ಣೀರು ಇರಬೇಕು. ಬೆಚ್ಚಗಿನ ಜಿಡ್ಡು ನೀರು ಅಂದರೆ ಅದು ಪಾತ್ರೆ ತೊಳೆದ ನೀರು. ಒಂದೋ ತೊಳೆಯುವಾಗ ಬಾಗಿಲಿಂದಲೋ ತಳದಿಂದಲೋ ಬರಬೇಕು, ಇಲ್ಲವೇ ಹೊರಗೆ ಹೋಗುವಾಗ ಬರಬೇಕು.

ಆ ಹೊತ್ತಿಗೆ ಇಷ್ಟು ಬುದ್ಧಿ ಓಡಲಿಲ್ಲ ಬಿಡಿ. ಕಂಪನಿಗೆ ಫೋನ್ ಮಾಡಿದೆವು. ಆ ಕಡೆಯವರದು ಹಿಂದಿ, ಈ ಕಡೆ ನಮ್ಮ ಮನೆಯವರ ಹಿಂದಿ, ನಡುವೆ ಗುಡುಗು. ಒಂಬತ್ತು ದಿನ ಬಿಟ್ಟು ಹುಬ್ಬಳ್ಳಿಯಿಂದ ಒಬ್ಬ ಹುಡುಗ ಬಂದ. ಆ ಮಳೆಯಲ್ಲಿ ಬೈಕಿನಲ್ಲಿ ಬಂದಿದ್ದ, ತೊಟ್ಟಿಕ್ಕುತ್ತಿದ್ದ. ಕಷಾಯ ಕೊಟ್ಟೆ. ಕುಡಿದು ಬಾಗಿಲು ತೆಗೆದು ನೋಡಿದ, ಮುಚ್ಚಿದ, ಬಗ್ಗಿ ಕೆಳಗೆ ಟಾರ್ಚ್ ಬಿಟ್ಟ.

"ಪಂಪಿನ ಸೀಲ್ ಹೋಗೇತ್ರಿ ಅಕ್ಕಾರ. ಪಂಪ್ ಪೂರ್ತಿ ಚೇಂಜ್ ಮಾಡ್ಬೇಕು."

7,800 ರೂಪಾಯಿ ಅಂದ. ಅಷ್ಟು ಹಾಕುವ ಬದಲು ಹಳೇದು ಕೊಟ್ಟು ಹೊಸತು ತಗೊಳ್ಳಿ ಅಂತಲೂ ಹೇಳಿದ. ಬಂದಿದ್ದಕ್ಕೆ 650 ತಗೊಂಡ. ಆ ಹುಡುಗನನ್ನು ನಾನು ಬೈಯುವುದಿಲ್ಲ. ಅವತ್ತು ಅವನಿಗೆ ಇನ್ನೂ ನಾಲ್ಕು ಮನೆ ಬಾಕಿ ಇದ್ದವು, ಒಂದು ಯಲ್ಲಾಪುರದ ಆಚೆ. ಆದರೆ ಅವನು ಒಂದು ಪ್ರಶ್ನೆ ಕೇಳಲಿಲ್ಲ. ಯಾವಾಗ ಸೋರುತ್ತದೆ ಅಂತ ಕೇಳಲೇ ಇಲ್ಲ. ಫೋನಿನಲ್ಲಿ ಮಾತಾಡಿದವರೂ ಕೇಳಲಿಲ್ಲ. ಈ ಪತ್ರ ಬರೆಯುತ್ತಿರುವುದೇ ಅದಕ್ಕೆ.

ತೋಟದ ಪೈಪಿನ ಜೊತೆ ಮೂವತ್ತು ವರ್ಷ ಬಾಳಿದವರಿಗೆ ಇದು ಹೊಸ ವಿಷಯ ಅಲ್ಲ. ಪಂಪ್ ಚಾಲೂ ಮಾಡಿದಾಗ ಮಾತ್ರ ಸೋರಿದರೆ ಒಂದು ಕಡೆ ನೋಡುತ್ತೇವೆ, ಬಂದ್ ಮಾಡಿದ ಮೇಲೂ ಸೋರಿದರೆ ಇನ್ನೊಂದು ಕಡೆ. ಹಾಗೆಯೇ ಈ ಮಷಿನ್ ಕೂಡ. ಅದು ಒಂದೂವರೆ ಎರಡು ತಾಸು ಓಡುತ್ತದೆ ನಿಜ, ಆದರೆ ಇಡೀ ಹೊತ್ತು ಒಂದೇ ಕೆಲಸ ಮಾಡುವುದಿಲ್ಲ. ಕಿವಿ ಕೊಟ್ಟರೆ ಗೊತ್ತಾಗುತ್ತದೆ. ಮೊದಲು ಸುಂಯ್ ಅಂತ ನೀರು ತುಂಬಿಕೊಳ್ಳುತ್ತದೆ. ಆಮೇಲೆ ಹೆಂಚಿನ ಮೇಲೆ ಮಳೆ ಹೊಯ್ದ ಹಾಗೆ ಒಳಗೆ ನೀರು ಸಿಡಿಯುತ್ತದೆ, ಇದೇ ಹೆಚ್ಚು ಹೊತ್ತು. ನಡುನಡುವೆ ಗೊರಗೊರ ಅಂತ ಹೊರಗೆ ಚೆಲ್ಲುತ್ತದೆ. ಮತ್ತೆ ತುಂಬಿಕೊಳ್ಳುತ್ತದೆ.

ಮರುದಿನ ಭಾನುವಾರ. ಹಿಂದಿನ ವಾರದ ನಿಮ್ಮ ಪತ್ರಿಕೆಗಳನ್ನು ತಂದು ಮಷಿನ್ನಿನ ಅಡಿಗೆ ಒಂದು ಕೋಲಿನಿಂದ ದೂಡಿದೆವು. ಎದುರಿಗೆ ಎರಡು ಹಾಳೆ, ಹಿಂದಿನ ಎರಡು ಮೂಲೆಗೆ ಒಂದೊಂದು. ಒಣ ಪತ್ರಿಕೆ ಮೇಲೆ ಒಂದು ಹನಿ ಬಿದ್ದರೂ ಕಪ್ಪಾಗಿ ಕಾಣುತ್ತದೆ. ನಾನು ಮಣೆ ಹಾಕಿ ಕೂತೆ. ನಮ್ಮ ಮನೆಯವರು ಗಡಿಯಾರ ಹಿಡಿದು ಕೂತರು.

ತುಂಬಿಕೊಳ್ಳುವಾಗ ನಾಲ್ಕೂ ಹಾಳೆ ಒಣಗಿಯೇ ಇದ್ದವು. ಅಬ್ಬಿ ನೀರಿನ ರಭಸಕ್ಕೆ ಪೈಪು ಒಡೆದಿದೆ ಅನ್ನುತ್ತಿದ್ದ ನಮ್ಮ ಮನೆಯವರ ವಾದ ಅಲ್ಲಿಗೆ ಬಿತ್ತು. ನಮ್ಮ ಅಬ್ಬಿ ಮನೆಗಿಂತ ಅರವತ್ತು ಅಡಿ, ಅಂದರೆ ಹದಿನೆಂಟು ಮೀಟರ್ ಎತ್ತರ ಇರಬಹುದು. ಹತ್ತು ಮೀಟರ್ ಎತ್ತರಕ್ಕೆ ಒಂದು ಬಾರ್ ಒತ್ತಡ ಅಂತ ಲೆಕ್ಕ. ಅಂದರೆ ಎರಡು ಬಾರ್ ಕೂಡ ಇಲ್ಲ, ಮಷಿನ್ ಅದರ ಎಷ್ಟೋ ಪಟ್ಟು ತಡೆದುಕೊಳ್ಳುತ್ತದೆ.

ತೊಳೆಯಲು ಶುರುವಾಗಿ ಕಾಲು ತಾಸಿಗೆ ಎದುರಿನ ಹಾಳೆಯ ತುದಿಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಕಲೆ ಎದ್ದಿತು. ಆಮೇಲೆ ಅದರ ಪಕ್ಕ ಇನ್ನೊಂದು. ಅಷ್ಟೇ. ಇಷ್ಟು ಹನಿಯಿಂದ ಗೋಣಿಚೀಲ ನೆನೆಯುವುದಿಲ್ಲ ಅಂದುಕೊಳ್ಳುವಷ್ಟರಲ್ಲಿ ಗೊರಗೊರ ಶುರುವಾಯಿತು. ಹಿಂದಿನ ಬಲಮೂಲೆಯ ಹಾಳೆ ಅರ್ಧ ನಿಮಿಷದಲ್ಲಿ ಮುದ್ದೆಯಾಗಿ ನೆಲಕ್ಕೆ ಅಂಟಿತು.

ಸೋರುತ್ತಿದ್ದುದು ಎರಡು ಕಡೆ. ಪಂಪಿನ ಸೀಲ್ ಹೋಗಿದ್ದರೆ ತೊಳೆಯುವ ಹೊತ್ತಿಗೆ ಹೊಟ್ಟೆಯ ನಡುವೆ ತೊಟ್ಟಿಕ್ಕಿ, ತಳದ ತಟ್ಟೆಗೆ ನೀರು ಬಿದ್ದು ಮಷಿನ್ನೇ ನಿಲ್ಲಬೇಕಿತ್ತು. ಹಾಗಾಗಲಿಲ್ಲ.

ಎದುರಿನದು ಸಣ್ಣದು, ಅದನ್ನು ಬೇಗ ಹೇಳಿ ಮುಗಿಸುತ್ತೇನೆ. ಬಾಗಿಲ ಸುತ್ತ ರಬ್ಬರ್ ಇರುತ್ತದೆ, ಅದನ್ನು ಎಲ್ಲರೂ ಒರೆಸುತ್ತಾರೆ. ಬಾಗಿಲ ಕೆಳತುದಿಗೆ ಬೇರೆಯೇ ಒಂದು ಪಟ್ಟಿ ಇದೆ, ಅದು ಬಗ್ಗಿದರೆ ಮಾತ್ರ ಕಾಣುತ್ತದೆ. ಹಳೇ ಹಲ್ಲುಜ್ಜುವ ಬ್ರಷ್ ಹಾಕಿ ಕೆರೆದರೆ ಕಾಯಿತುರಿ, ಹಳದಿ ಜಿಡ್ಡು, ಪಟ್ಟಿಗೆ ಅಡ್ಡಲಾಗಿ ಕೂತ ಕರಿಬೇವಿನ ಒಂದು ಕಡ್ಡಿ. ಜೊತೆಗೆ ಮಷಿನ್ ಮುಂದಕ್ಕೆ ವಾಲಿತ್ತು. ನಮ್ಮ ಅಡುಗೆಮನೆ ನೆಲವೇ ಬಚ್ಚಲ ಕಡೆ ಇಳಿಜಾರು, ತೊಳೆದ ನೀರು ಹರಿದು ಹೋಗಲಿ ಅಂತ ಮಾವನವರು ಮಾಡಿಸಿದ್ದು. ಮಷಿನ್ ಮುಂದಕ್ಕೆ ವಾಲಿದರೆ ಒಳಗಿನ ನೀರು ಬಾಗಿಲ ತುಟಿಯ ಕಡೆ ಸರಿಯುತ್ತದೆ. ಗಾರೆಯವರ ರಸಮಟ್ಟ ಇಟ್ಟು ನೋಡಿ, ಮುಂದಿನ ಕಾಲುಗಳನ್ನು ಪಾನಾ ಹಾಕಿ ತಿರುಗಿಸಿ ಎತ್ತರಿಸಿದೆವು. ಕೆಳಗಿನ ತಗಡಿನ ಅಂಚು ಮೆಟ್ಟುಗತ್ತಿಗೆ ಕಮ್ಮಿ ಇಲ್ಲ. ನಮ್ಮ ಮನೆಯವರ ಹೆಬ್ಬೆರಳು ಸಾಕ್ಷಿ. ಕೈಗೆ ಬಟ್ಟೆ ಸುತ್ತಿಕೊಳ್ಳಿ.

ಇನ್ನು ಹಿಂದಿನದು. ಪ್ಲಗ್ ತೆಗೆದು, ನಲ್ಲಿ ಕಟ್ಟಿ, ಮಷಿನ್ನನ್ನು ಇಬ್ಬರೂ ಸೇರಿ ಎಳೆದೆವು. ಗೋಡೆ ನೋಡಿ ಎದೆ ಧಸಕ್ಕೆಂದಿತು. ನೆಲದಿಂದ ಎರಡಡಿ ಮೇಲೆ ಪೈಪು ಹೊರಗೆ ಹೋಗಲು ಒಂದು ತೂತು ಹೊಡೆಸಿದ್ದೆವು. ಅಲ್ಲಿಂದ ಕೆಳಗೆ ಒಂದು ಗೇಣು ಅಗಲಕ್ಕೆ ಗೋಡೆ ಹಸಿರಾಗಿ ಪಾಚಿ ಕಟ್ಟಿತ್ತು. ಎಷ್ಟು ತಿಂಗಳಿಂದ ಇಳಿಯುತ್ತಿತ್ತೋ.

"ಇಲಿ ಕಡಿದದ್ದೇ ಸೈ" ಅಂದರು ನಮ್ಮ ಮನೆಯವರು. ಪೈಪು ಹೊರಗೆಳೆದು ಬೆಳಕಿಗೆ ಹಿಡಿದೆವು. ಇಲಿ ಕಡಿದರೆ ತೂತಿನ ಅಂಚು ಚೂರುಚೂರಾಗಿ ಕಿತ್ತಿರುತ್ತದೆ, ಹಲ್ಲಿನ ಜೋಡಿ ಗುರುತು ಇರುತ್ತದೆ. ಇಲ್ಲಿ ಅದಿಲ್ಲ. ಬಳೆ ಜೋಡಿಸಿದ ಹಾಗೆ ಏರಿಳಿತ ಇರುವ ಬೂದು ಪೈಪು ಅದು. ಒಂದೇ ಬದಿಯಲ್ಲಿ ಐದಾರು ಬಳೆಗಳ ನೆತ್ತಿ ಸವೆದು ನುಣ್ಣಗಾಗಿತ್ತು, ಸಾಣೆ ಹಿಡಿದ ಹಾಗೆ. ನಡುವಿನ ಎರಡು ಬಳೆಗಳಲ್ಲಿ ಅಕ್ಕಿ ಕಾಳಿನಷ್ಟು ಸೀಳು. ಅದರೊಳಗೆ ಕೆಂಪು ಪುಡಿ. ಗೋಡೆಯ ತೂತಿಗೆ ಬೆರಳು ಹಾಕಿ ಸವರಿದೆ. ನಮ್ಮದು ಚಿರೆಕಲ್ಲಿನ ಗೋಡೆ. ಮೇಲೆ ಗಾರೆ ಇದೆ, ತೂತಿನ ಒಳಗೆ ಬರೀ ಕಲ್ಲು, ಕಾಯಿ ತುರಿಯುವ ಮಣೆಯಷ್ಟು ತರಿ. ಮಷಿನ್ ನೀರು ಚೆಲ್ಲುವಾಗ ಪ್ರತಿ ಸಲ ಪೈಪು ಒಮ್ಮೆ ಜಗ್ಗುತ್ತದೆ. ದಿನಕ್ಕೆ ನಾಲ್ಕೈದು ಸಲ, ಮೂರು ವರ್ಷ. ಕಲ್ಲು ಪೈಪನ್ನು ತುರಿದು ಹಾಕಿತ್ತು.

ಮೊದಲು ತೋಟದ ಬುದ್ಧಿಯನ್ನೇ ಓಡಿಸಿದೆವು. ಸೈಕಲ್ ಟ್ಯೂಬ್ ಕತ್ತರಿಸಿ ಸೊಲ್ಯೂಷನ್ ಹಚ್ಚಿ ಬಿಗಿದು ಸುತ್ತಿದೆವು. ಮೂರು ಸಲ ತೊಳೆಯುವವರೆಗೆ ತಡೆಯಿತು. ಬಿಸಿನೀರು, ಸೋಪು, ಏರಿಳಿತದ ಮೈ, ಇವು ಮೂರೂ ಸೇರಿದ ಕಡೆ ಟ್ಯೂಬ್ ನಿಲ್ಲುವುದಿಲ್ಲ. ನಡುವೆ ಕತ್ತರಿಸಿ ಜಾಯಿಂಟ್ ಹಾಕೋಣ ಅಂದರೆ ಬಳೆ ಬಳೆ ಇರುವಲ್ಲಿ ಕ್ಲಿಪ್ ಹಿಡಿಯುವುದಿಲ್ಲ. ನುಣುಪಾದ ಮೈ ಇರುವುದು ಎರಡು ತುದಿಗೆ ಮಾತ್ರ. ಹಾಗಾಗಿ ಹಳೇ ಪೈಪನ್ನೇ ಚೀಲಕ್ಕೆ ಹಾಕಿಕೊಂಡು ಶಿರಸಿ ಪೇಟೆಗೆ ಹೋದೆ. ಮೊದಲ ಎರಡು ಅಂಗಡಿಯಲ್ಲಿ "ಡಿಶ್‌ವಾಷರಿಂದು ಬರೂದಿಲ್ಲ" ಅಂದರು. ಮೂರನೆಯವರು ಪೈಪಿನ ತುದಿಗೆ ಬೆರಳು ಹಾಕಿ ನೋಡಿ, ವಾಷಿಂಗ್ ಮಷಿನ್ನಿನ ಚೆಲ್ಲು ಪೈಪುಗಳ ಕಟ್ಟು ತೆಗೆದು, ಒಂದೊಂದೇ ತುದಿ ಹೊಂದಿಸಿ ನೋಡಿದರು. ನಾಲ್ಕನೆಯದು ಸರಿ ಕೂತಿತು. ಕ್ಲಿಪ್ಪೂ ಸೇರಿ 270 ರೂಪಾಯಿ. 7,800 ಎಲ್ಲಿ, 270 ಎಲ್ಲಿ. ಎಲ್ಲ ಮಷಿನ್ನಿಗೂ ಅದೇ ಕೂರುತ್ತದೆ ಅಂತ ಅಲ್ಲ, ಹಳೇದನ್ನು ಒಯ್ದು ಅಳತೆ ನೋಡಿಯೇ ತರಬೇಕು.

ಗೋಡೆಯ ತೂತಿಗೆ ಈ ಸಲ ಎರಡಿಂಚಿನ ಪಿವಿಸಿ ಪೈಪಿನ ತುಂಡು ತೂರಿಸಿದ್ದೇವೆ. ತೋಟಕ್ಕೆ ತಂದಿದ್ದರಲ್ಲಿ ಉಳಿದದ್ದು. ಅಂಚು ಚೂಪಿರದಂತೆ ಉಜ್ಜಿ, ಅದರೊಳಗಿಂದ ಹೊಸ ಪೈಪು. ಹೊರಗೆ ಅದನ್ನು ಇನ್ನೊಂದು ಅಗಲ ಪೈಪಿಗೆ ಸಡಿಲವಾಗಿ ಇಳಿಬಿಟ್ಟಿದ್ದೇವೆ, ಬಿಗಿದಿಲ್ಲ. ನೀರು ಬಾಳೆ ಬುಡದ ಕಡೆ ಹೋಗುತ್ತದೆ. ಬಿಗಿದರೆ ಏನಾಗುತ್ತದೆ ಅಂತ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವ ಯಾರನ್ನೂ ಕೇಳಿ. ಪೀಪಾಯಿಯ ಒಳಗೆ ಪೈಪಿನ ಒಂದು ತುದಿ, ಕೆಳಗಿನ ಧರೆಯಲ್ಲಿ ಇನ್ನೊಂದು ತುದಿ ಮರೆತು ಬಿಟ್ಟರೆ, ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಹಾಕಿ ಕಲಸಿದ ನೂರು ಲೀಟರ್ ತಾನಾಗಿ ಹರಿದು ಖಾಲಿ. ಮಷಿನ್ನಿಗೂ ಹಾಗೇ. ಚೆಲ್ಲು ಪೈಪು ಪೂರ್ತಿ ತಗ್ಗಿಗೆ ಹೋಗಿ ನಡುವೆ ಗಾಳಿ ಸಿಗದಿದ್ದರೆ, ತುಂಬಿಕೊಂಡ ನೀರು ತೊಳೆಯುವ ಮೊದಲೇ ಹೊರಗೆ ಎಳೆದುಕೊಂಡು ಹೋಗುತ್ತದೆ. ಅದಕ್ಕೇ ಆ ಪೈಪನ್ನು ಮೊದಲು ಮೇಲಕ್ಕೆ ಎತ್ತಿ ಆಮೇಲೆ ಇಳಿಸಬೇಕು ಅನ್ನುವುದು.

ಹೇಳಲು ಮರೆತೆ. ಮೇ ತಿಂಗಳಲ್ಲೂ ಒಂದು ಸಲ ಸೋರಿತ್ತು, ಅದು ನನ್ನ ಸ್ವಂತ ತಪ್ಪು. ಮಷಿನ್ನಿನ ಪುಡಿ ಮುಗಿದಿತ್ತು, ಮದುವೆ ಮನೆಯಿಂದ ನೆಂಟರು ಬಂದಿದ್ದರು. ಕೈಯಲ್ಲಿ ತೊಳೆಯುವ ಲಿಕ್ವಿಡ್ ಎರಡು ಚಮಚ ಹಾಕಿಬಿಟ್ಟೆ. ಹತ್ತು ನಿಮಿಷಕ್ಕೆ ಬಾಗಿಲ ಸಂದಿಯಿಂದ ನೊರೆ ಬಂತು ನೋಡಿ, ಹಾಲು ಉಕ್ಕಿದ ಹಾಗೆ. ಮಕ್ಕಳಿಗೆ ಸಂಭ್ರಮ. ನೊರೆ ಒರೆಸಿ ಮತ್ತೆ ಚಾಲೂ ಮಾಡಿದರೆ ಮಷಿನ್ ನೀರನ್ನೇ ತಗೊಳ್ಳದು. ಸುಮ್ನೆ ಗುಂಯ್ ಅನ್ನುತ್ತ ಇಲ್ಲದ ನೀರನ್ನು ಹೊರಗೆ ಚೆಲ್ಲುತ್ತಿತ್ತು. ಕೆಂಪು ದೀಪ ಮಿಣಮಿಣ. ಕಂಪನಿಗೆ ಫೋನಿನಲ್ಲಿ ಕೇಳಿದರೆ ಒಳಗಿನ ಎಲೆಕ್ಟ್ರಾನಿಕ್ ಬೋರ್ಡ್ ಹೋಗಿರಬಹುದು ಅಂದರು.

ಬೋರ್ಡಿಗೆ ಏನೂ ಆಗಿರಲಿಲ್ಲ. ಮಗ ವಿಡಿಯೋ ಕಾಲ್ ಮಾಡಿ ಕೆಳಗಿನ ಪಟ್ಟಿ ಬಿಚ್ಚಿಸಿದ. ಮಷಿನ್ನಿನ ತಳದಲ್ಲಿ ಒಂದು ತಟ್ಟೆ ಇದೆ. ಅದರಲ್ಲಿ ಗಣಪತಿ ಮಂಟಪಕ್ಕೆ ತರುವ ಥರ್ಮೋಕೋಲಿನ ತುಂಡು ಇದ್ದ ಹಾಗೆ ಒಂದು ಬೆಂಡು. ತಟ್ಟೆಗೆ ನೀರು ಬಿದ್ದರೆ ಬೆಂಡು ತೇಲಿ ಮೇಲಿನ ಸ್ವಿಚ್ ಒತ್ತುತ್ತದೆ. ಮನೆ ತುಂಬ ನೀರಾಗದಿರಲಿ ಅಂತ ಮಷಿನ್ ನೀರು ಒಳಗೆ ಬರುವುದನ್ನು ತಡೆದು, ಇದ್ದದ್ದನ್ನು ಹೊರಗೆ ಹಾಕುತ್ತಲೇ ಇರುತ್ತದೆ. ಕೆಟ್ಟದ್ದಲ್ಲ, ನಮ್ಮ ಮನೆ ಕಾಯುತ್ತಿತ್ತು ಪಾಪ. ಪ್ಲಗ್ ತೆಗೆದು ಸ್ಪಂಜಿನಿಂದ ಆ ತಟ್ಟೆಯ ನೀರು ಹೀರಿ, ಒಂದು ರಾತ್ರಿ ಒಣಗಲು ಬಿಟ್ಟೆವು. ಬೆಳಿಗ್ಗೆ ಏನೂ ಆಗದವರ ಹಾಗೆ ಓಡಿತು. ಈ ಬೆಂಡಿನ ಸಂಗತಿ ಗೊತ್ತಿಲ್ಲದೆ ಎಷ್ಟು ಮಷಿನ್‌ಗಳು ಮೆಟ್ಟಿಲ ಕೆಳಗೆ ಹೋಗಿವೆಯೋ.

ಎಲ್ಲವನ್ನೂ ಮನೆಯಲ್ಲೇ ಮಾಡಿ ಅಂತ ನಾನು ಹೇಳುತ್ತಿಲ್ಲ. ವಾರಂಟಿ ಇದ್ದರೆ ಬಿಚ್ಚಬೇಡಿ. ನಡುವಿನಿಂದ ತೊಟ್ಟಿಕ್ಕಿದರೆ, ಸುಟ್ಟ ವಾಸನೆ ಬಂದರೆ, ಮುಟ್ಟಿದಾಗ ಜುಮ್ ಅಂದರೆ ಮೇನ್ ಸ್ವಿಚ್ ಆರಿಸಿ ತಿಳಿದವರನ್ನು ಕರೆಯಿರಿ. ಆದರೆ ಕರೆಯುವ ಮೊದಲು ಎರಡು ತಾಸು ಮಣೆ ಹಾಕಿ ಕೂತು, ಯಾವ ಹೊತ್ತಿಗೆ ಯಾವ ಮೂಲೆ ನೆನೆಯಿತು ಅಂತ ಒಂದು ಚೀಟಿಯಲ್ಲಿ ಬರೆದಿಡಿ. ಆ ಚೀಟಿ ಕೈಯಲ್ಲಿದ್ದರೆ ಬಂದವರೂ ಸುಮ್ಮನೆ ಪಂಪ್ ಅನ್ನುವುದಿಲ್ಲ.

ಇದನ್ನೆಲ್ಲ ಹೇಳಬೇಕಾದವರು ಕಂಪನಿಯವರು, ಅಲ್ವಾ? ನಮ್ಮ ಮಷಿನ್ ಜೊತೆ ಬಂದ ಪುಸ್ತಕದಲ್ಲಿ ಇಂಗ್ಲಿಷ್ ಇದೆ, ಹಿಂದಿ ಇದೆ. ಕನ್ನಡದ ಒಂದು ಸಾಲಿಲ್ಲ. ಮಷಿನ್ ಮಾರುವ ಜಾಹೀರಾತು ಮಾತ್ರ ನಿಮ್ಮ ಪತ್ರಿಕೆಯಲ್ಲಿ ಚೌತಿಗೆ, ದೀಪಾವಳಿಗೆ ಇಡೀ ಪುಟ ಚೆಂದದ ಕನ್ನಡದಲ್ಲಿ ಬರುತ್ತದೆ. ಆ ಕನ್ನಡ ಬರೆದವರ ಕೈಯಲ್ಲೇ ಎರಡು ಪುಟ ಬರೆಸಿ ಪೆಟ್ಟಿಗೆಯಲ್ಲಿ ಇಡಲಿ. ಯಾವಾಗ ಸೋರಿದರೆ ಎಲ್ಲಿ ನೋಡಬೇಕು, ತಳದಲ್ಲಿ ಬೆಂಡು ಯಾಕಿದೆ, ಚೆಲ್ಲು ಪೈಪನ್ನು ಎಷ್ಟು ಎತ್ತರಕ್ಕೆ ಏರಿಸಬೇಕು, ಇಷ್ಟಿದ್ದರೆ ಸಾಕು. ಮಷಿನ್ ಮಾರುವ ಊರಿನ ಒಂದು ಅಂಗಡಿಯಲ್ಲಾದರೂ ಪೈಪು, ವಾಷರು, ಬಾಗಿಲ ರಬ್ಬರು ಸಿಗಲಿ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಜಾಲತಾಣ ಶುರು ಮಾಡಿದ್ದು ಇಂಥದ್ದಕ್ಕೇ. ಕೈಪಿಡಿ, ಬಿಡಿಭಾಗದ ವಿವರ ಗ್ರಾಹಕರಿಗೆ ಒಂದೇ ಕಡೆ ಸಿಗಲಿ ಅಂತ. ಗ್ರಾಹಕರ ಸಹಾಯವಾಣಿ 1915 ಕೂಡ ಇದೆ. 270 ರೂಪಾಯಿ ಪೈಪಿಗಾಗಿ ಘಟ್ಟ ಇಳಿದು ಕಾರವಾರದ ಗ್ರಾಹಕರ ಆಯೋಗಕ್ಕೆ ಹೋಗುವ ಉಮೇದು ನನಗಿಲ್ಲ. ಪತ್ರಿಕೆಗೆ ಬರೆಯುವುದು ಹತ್ತಿರ.

ಈಗಲೂ ತಿಂಗಳಿಗೆ ಒಂದು ಸಲ ಹಳೇ ಹಾಳೆ ದೂಡಿ ನೋಡುತ್ತೇನೆ. ಮೊನ್ನೆ ಹಾಸಿದ್ದು ಮರುದಿನ ತೆಗೆದಾಗ ಗರಿಗರಿ ಒಣಗಿಯೇ ಇತ್ತು. ನಮ್ಮ ಮನೆಯವರು ಅದನ್ನು ಕೊಡವಿ, ಅಲ್ಲೇ ಮಣೆಯ ಮೇಲೆ ಕೂತು, ಹಿಂದಿನ ವಾರದ ಅಡಿಕೆ ಧಾರಣೆ ಓದಿದರು.

ಇಂತಿ ನಿಮ್ಮ ಓದುಗಾರ್ತಿ,
ಶಿರಸಿ ತಾಲ್ಲೂಕು
(ಹೆಸರು, ವಿಳಾಸ ಬೇರೆ ಚೀಟಿಯಲ್ಲಿದೆ. ದಯವಿಟ್ಟು ಅಚ್ಚು ಹಾಕಬೇಡಿ, ನೆಂಟರೆಲ್ಲ ಮಷಿನ್ ರಿಪೇರಿಗೆ ಕರೆಯಲು ಶುರು ಮಾಡುತ್ತಾರೆ.)